ಮುಖದ ಕೆಂಪು ಮತ್ತು ಲೇಪನೌಷಧಗಳು: ಗುಣವೆಷ್ಟು, ಮಿತಿಯೆಷ್ಟು?



ಹೈದರಾಬಾದು ದಖ್ಖನ್ ಪ್ರಸ್ಥಭೂಮಿಯ ನಗರ. ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಇಲ್ಲಿನ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಅಪರೂಪವಲ್ಲ. ನಡುಹಗಲಿನ ಬಿಸಿಲಿನಲ್ಲಿ ಕೋಠಿಯಿಂದ ಕಾಚಿಗುಡದವರೆಗೆ ನಡೆದು ಬಂದವರ ಮುಖ ಕೆಂಪೇರುವುದು ಸಹಜ. ನೆರಳಿನಲ್ಲಿ ಸ್ವಲ್ಪ ಹೊತ್ತು ಕುಳಿತು ತಣ್ಣೀರಿನಿಂದ ಮುಖ ತೊಳೆದರೆ ಆ ಕೆಂಪು ಇಳಿದುಹೋಗುತ್ತದೆ. ಆದರೆ ಕೆಲವರಲ್ಲಿ ಅದು ಇಳಿಯುವುದಿಲ್ಲ. ಮೂಗು, ಕೆನ್ನೆ, ಹಣೆಯ ನಡುಭಾಗ ಮತ್ತು ಗಲ್ಲದ ಮೇಲೆ ತಿಂಗಳುಗಟ್ಟಲೆ ಉಳಿಯುತ್ತದೆ, ಉರಿಯುತ್ತದೆ, ಮೊಡವೆಯನ್ನು ಹೋಲುವ ಗುಳ್ಳೆಗಳು ಏಳುತ್ತವೆ. ಈ ರೋಗಕ್ಕೆ ವೈದ್ಯಶಾಸ್ತ್ರವು ರೊಸೇಶಿಯಾ ಎಂದು ಹೆಸರಿಟ್ಟಿದೆ. ಗುಲಾಬಿ ಬಣ್ಣದ್ದು ಎಂಬುದು ಈ ಲ್ಯಾಟಿನ್ ಪದದ ಅರ್ಥ.

ಹಿಂದಿನ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳ ಜನರು 1956ರ ರಾಜ್ಯ ಪುನರ್ವಿಂಗಡಣೆಯ ತರುವಾಯವೂ ವೈದ್ಯಕೀಯ ನೆರವಿಗಾಗಿ ಈ ನಗರಕ್ಕೆ ಬರುತ್ತಲೇ ಇದ್ದಾರೆ. ನಗರದಲ್ಲಿಯೇ ನೆಲೆಸಿರುವ ಕನ್ನಡ ಕುಟುಂಬಗಳೂ ಬಹಳ. ಇಂಥವರ ಪೈಕಿ ಮುಖದ ಕೆಂಪಿನಿಂದ ಬಳಲುವವರು ಮೊದಲು ಹೋಗುವುದು ಸಾಮಾನ್ಯವಾಗಿ ಚರ್ಮರೋಗ ತಜ್ಞರ ಬಳಿಗಲ್ಲ, ಬೀದಿಯ ಮೂಲೆಯ ಔಷಧದ ಅಂಗಡಿಗೆ. ಅಲ್ಲಿ ಕೈಗೆ ಬರುವ ಟ್ಯೂಬಿನಲ್ಲಿ ಏನಿದೆ, ಅದು ರೋಗವನ್ನು ತಗ್ಗಿಸುತ್ತದೆಯೋ ಹೆಚ್ಚಿಸುತ್ತದೆಯೋ, ನಿಜವಾಗಿ ಗುಣ ಕೊಡುವ ಲೇಪಗಳು ಯಾವುವು, ಅವುಗಳಿಂದ ಎಷ್ಟನ್ನು ನಿರೀಕ್ಷಿಸಬಹುದು ಎಂಬುದೇ ಈ ಉಪನ್ಯಾಸದ ವಿಷಯ.

ರೋಗದ ಸ್ವರೂಪ

ರೊಸೇಶಿಯಾ ಸಾಮಾನ್ಯವಾಗಿ 30 ವರ್ಷ ದಾಟಿದವರಲ್ಲಿ ಕಾಣಿಸಿಕೊಳ್ಳುತ್ತದೆ. ಇದು ಅಂಟುರೋಗವಲ್ಲ, ಶುಚಿತ್ವದ ಕೊರತೆಯಿಂದ ಬರುವುದೂ ಅಲ್ಲ. ಮದ್ಯಪಾನಿಗಳಿಗೆ ಮಾತ್ರ ಬರುತ್ತದೆ ಎಂಬ ಹಳೆಯ ನಂಬಿಕೆ ತಪ್ಪು. ಮದ್ಯವನ್ನು ಮುಟ್ಟದವರಲ್ಲಿಯೂ ಇದು ಬರುತ್ತದೆ. ಆರಂಭದಲ್ಲಿ ಮುಖ ಆಗಾಗ ಕೆಂಪೇರಿ ಇಳಿಯುತ್ತದೆ. ಬರಬರುತ್ತಾ ಆ ಕೆಂಪು ಸ್ಥಿರವಾಗುತ್ತದೆ. ಚರ್ಮದಡಿಯ ಸಣ್ಣ ರಕ್ತನಾಳಗಳು ಹಿಗ್ಗಿ ಎಳೆಎಳೆಯಾಗಿ ಕಾಣುತ್ತವೆ. ಕೆಲವರಲ್ಲಿ ಕೆಂಪು ಗುಳ್ಳೆಗಳೂ ಕೀವುಗುಳ್ಳೆಗಳೂ ಏಳುತ್ತವೆ. ಇನ್ನು ಕೆಲವರಲ್ಲಿ, ವಿಶೇಷವಾಗಿ ಪುರುಷರಲ್ಲಿ, ಮೂಗಿನ ಚರ್ಮ ದಪ್ಪವಾಗಿ ಗಂಟುಗಂಟಾಗುತ್ತದೆ. ಕಣ್ಣುಗಳಿಗೂ ರೋಗ ತಗಲಬಹುದು. ಆಗ ಕಣ್ಣು ಕೆಂಪಾಗಿ ಮರಳು ಬಿದ್ದಂತೆ ಚುಚ್ಚುತ್ತದೆ. ಕಣ್ಣುಕುಟಿಗೆ ಪದೇ ಪದೇ ಏಳುತ್ತದೆ.

ಮೊಡವೆಗೂ ಇದಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ. ಮೊಡವೆಯಲ್ಲಿ ರೋಮರಂಧ್ರ ಮುಚ್ಚಿಕೊಂಡು ಕಪ್ಪು ಅಥವಾ ಬಿಳಿ ತಲೆಯ ಚುಕ್ಕೆಗಳು ಉಂಟಾಗುತ್ತವೆ. ರೊಸೇಶಿಯಾದಲ್ಲಿ ಅವು ಇರುವುದಿಲ್ಲ.

ರೋಗದ ಮೂಲಕಾರಣ ಒಂದೇ ಅಲ್ಲ. ಚರ್ಮದ ಸಹಜ ರಕ್ಷಣಾ ವ್ಯವಸ್ಥೆ ಅತಿಯಾಗಿ ಕೆರಳುವುದು, ಮುಖದ ರಕ್ತನಾಳಗಳು ಬಿಸಿಗೆ ಬೇಗನೆ ಹಿಗ್ಗುವುದು, ವಂಶವಾಹಿನಿಯ ಪ್ರಭಾವ, ಇವೆಲ್ಲ ಸೇರಿರುತ್ತವೆ. ಬಹುತೇಕ ಮನುಷ್ಯರ ಮುಖದ ರೋಮರಂಧ್ರಗಳಲ್ಲಿ ವಾಸಿಸುವ ಡೆಮೊಡೆಕ್ಸ್ ಎಂಬ, ಬರಿಗಣ್ಣಿಗೆ ಕಾಣದ ಹುಳು ಈ ರೋಗಿಗಳಲ್ಲಿ ಹೆಚ್ಚಿನ ಸಂಖ್ಯೆಯಲ್ಲಿರುವುದು ಕಂಡುಬಂದಿದೆ.

ಬಿಳಿಯ ಚರ್ಮದವರಲ್ಲಿ ಈ ಕೆಂಪು ಎದ್ದು ಕಾಣುತ್ತದೆ. ಗೋಧಿ ಬಣ್ಣದ ಅಥವಾ ಕಪ್ಪು ಚರ್ಮದಲ್ಲಿ ಅದು ಕಂದು ಛಾಯೆಯೊಂದಿಗೆ ಬೆರೆತು ಕಣ್ಣಿಗೆ ಬೀಳದೆ ಹೋಗುತ್ತದೆ. ಆದ್ದರಿಂದ ನಮ್ಮ ದೇಶದಲ್ಲಿ ಈ ರೋಗವನ್ನು ಮೊಡವೆಯೆಂದೋ ಬಂಗು ಎಂದೋ ಬಿಸಿಲಿನ ಅಲರ್ಜಿಯೆಂದೋ ಭಾವಿಸುವುದುಂಟು. ಮುಖ ಬಿಸಿಯಾಗುವುದು, ಉರಿ, ಯಾವ ಸೋಪು ಹಚ್ಚಿದರೂ ಚುರುಗುಟ್ಟುವುದು, ಇವು ಬಣ್ಣಕ್ಕಿಂತ ಹೆಚ್ಚು ನಂಬಬಹುದಾದ ಲಕ್ಷಣಗಳು.

ತ್ವರಿತ ಗುಣದ ಮೋಸ

ತಪ್ಪು ಚಿಕಿತ್ಸೆಯ ಕಥೆ ಸಾಮಾನ್ಯವಾಗಿ ಒಂದೇ ಹಾದಿಯಲ್ಲಿ ಸಾಗುತ್ತದೆ. ಕೆನ್ನೆ ಕೆಂಪಾಗಿದೆ, ಗುಳ್ಳೆ ಎದ್ದಿದೆ ಎಂದು ಗೃಹಿಣಿಯೊಬ್ಬರು ಅಂಗಡಿಯಲ್ಲಿ ಹೇಳುತ್ತಾರೆ. ಅಥವಾ ನೆರೆಮನೆಯವರು ತಮಗೆ ಗುಣವಾಯಿತೆಂದು ಒಂದು ಟ್ಯೂಬಿನ ಹೆಸರು ಹೇಳುತ್ತಾರೆ. ಆ ಟ್ಯೂಬಿನ ಬೆಲೆ ಹೆಚ್ಚಲ್ಲ. ಹಚ್ಚಿದ ಎರಡು ಮೂರು ದಿನಗಳಲ್ಲಿ ಕೆಂಪು ಇಳಿಯುತ್ತದೆ, ಉರಿ ಶಮನವಾಗುತ್ತದೆ, ಬಣ್ಣವೂ ತಿಳಿಯಾಗುತ್ತದೆ. ಔಷಧ ಒಳ್ಳೆಯದೆಂಬ ನಂಬಿಕೆ ಬೇರೂರುತ್ತದೆ. ಕೆಲವು ವಾರಗಳ ಬಳಿಕ ಹಚ್ಚುವುದನ್ನು ನಿಲ್ಲಿಸಿದರೆ ಮುಖ ಮೊದಲಿಗಿಂತ ಹೆಚ್ಚು ಕೆಂಪಾಗುತ್ತದೆ. ಮತ್ತೆ ಹಚ್ಚಿದರೆ ಇಳಿಯುತ್ತದೆ. ಹೀಗೆ ಒಂದು ಟ್ಯೂಬು ಹತ್ತಾಗುತ್ತದೆ, ವಾರಗಳು ವರ್ಷಗಳಾಗುತ್ತವೆ. ಕೊನೆಗೆ ಚರ್ಮ ತೆಳುವಾಗಿ ರಕ್ತನಾಳಗಳು ಹೊರಗೆ ಕಾಣುತ್ತವೆ, ಮುಖದ ಮೇಲೆ ಅನಗತ್ಯ ಕೂದಲು ಬೆಳೆಯುತ್ತದೆ, ಅಡುಗೆ ಒಲೆಯ ಮುಂದೆ ನಿಲ್ಲಲಾರದಷ್ಟು ಉರಿ ಉಂಟಾಗುತ್ತದೆ.

ಆ ಟ್ಯೂಬಿನಲ್ಲಿರುವುದು ಕಾರ್ಟಿಕೋಸ್ಟಿರಾಯ್ಡ್. ಬೀಟಾಮೆಥಾಸೋನ್, ಕ್ಲೋಬೆಟಾಸೋಲ್, ಮೊಮೆಟಾಸೋನ್, ಫ್ಲೂಸಿನೋಲೋನ್ ಮುಂತಾದವು ಈ ವರ್ಗಕ್ಕೆ ಸೇರಿದ ಔಷಧಗಳು. ಇವು ಸ್ವತಃ ಕೆಟ್ಟ ಔಷಧಗಳಲ್ಲ. 1952ರಲ್ಲಿ ಅಮೆರಿಕದ ಸುಲ್ಜ್‌ಬರ್ಗರ್ ಮತ್ತು ವಿಟನ್ ಎಂಬ ವೈದ್ಯರು ಹೈಡ್ರೋಕಾರ್ಟಿಸೋನನ್ನು ಚರ್ಮಕ್ಕೆ ಲೇಪಿಸಿ ಇಸುಬಿನಲ್ಲಿ ಗುಣ ಕಂಡ ನಂತರ ಚರ್ಮರೋಗ ಚಿಕಿತ್ಸೆಯ ರೂಪವೇ ಬದಲಾಯಿತು. ಇಸುಬು, ಸೋರಿಯಾಸಿಸ್ ಮೊದಲಾದ ರೋಗಗಳಲ್ಲಿ ಸರಿಯಾದ ಪ್ರಮಾಣದಲ್ಲಿ, ಸರಿಯಾದ ಅವಧಿಗೆ ಬಳಸಿದರೆ ಇವು ಇಂದಿಗೂ ಉಪಯುಕ್ತ. ಮುಖದ ತೆಳುವಾದ ಚರ್ಮದ ಮೇಲೆ ವೈದ್ಯರ ಸಲಹೆಯಿಲ್ಲದೆ ದೀರ್ಘಕಾಲ ಹಚ್ಚುವುದರಿಂದಲೇ ಅಪಾಯ.

ಸ್ಟಿರಾಯ್ಡ್ ಲೇಪವು ಮುಖವನ್ನು ಬಿಳಿಚಿಸುವುದೇಕೆ ಎಂಬುದನ್ನು ಅರಿತರೆ ಈ ಮೋಸ ಸ್ಪಷ್ಟವಾಗುತ್ತದೆ. ಅದು ಚರ್ಮದ ರಕ್ತನಾಳಗಳನ್ನು ಸಂಕುಚಿತಗೊಳಿಸುತ್ತದೆ. ರಕ್ತ ಕಡಿಮೆಯಾದ ಭಾಗ ಬಿಳಿಚಿಕೊಳ್ಳುತ್ತದೆ. ಒಂದು ಸ್ಟಿರಾಯ್ಡ್ ಎಷ್ಟು ಪ್ರಬಲವೆಂಬುದನ್ನು ಅಳೆಯಲು ಮೆಕೆಂಜಿ ಮತ್ತು ಸ್ಟೋಟನ್ 1962ರಲ್ಲಿ ಬಳಕೆಗೆ ತಂದ ಪರೀಕ್ಷೆಯೂ ಈ ಬಿಳಿಚುವಿಕೆಯನ್ನೇ ಅವಲಂಬಿಸಿದೆ. ಅಂದರೆ, ಜನರು ಕಾಂತಿಯೆಂದು ಮೆಚ್ಚಿಕೊಳ್ಳುವುದು ಔಷಧದ ತೀವ್ರತೆಯ ಗುರುತೇ ಹೊರತು ಚರ್ಮದ ಆರೋಗ್ಯದ ಗುರುತಲ್ಲ. ಲೇಪದ ಪ್ರಭಾವ ಇಳಿದಾಗ ರಕ್ತನಾಳಗಳು ಮತ್ತೆ ಹಿಗ್ಗುತ್ತವೆ. ಹೀಗೆ ರೊಸೇಶಿಯಾ ಇದ್ದವರಲ್ಲಿ ಅದು ಉಲ್ಬಣಿಸುತ್ತದೆ; ಇಲ್ಲದವರಲ್ಲಿ ಅದನ್ನೇ ಹೋಲುವ ಸ್ಟಿರಾಯ್ಡ್ ರೊಸೇಶಿಯಾ ಹುಟ್ಟುತ್ತದೆ. ಇಂಗ್ಲೆಂಡಿನ ಚರ್ಮವೈದ್ಯ ಸ್ನೆಡನ್ ಅವರು ರೊಸೇಶಿಯಾದಲ್ಲಿ ಪ್ರಬಲ ಸ್ಟಿರಾಯ್ಡ್ ಲೇಪಗಳಿಂದಾಗುವ ಈ ಹಾನಿಯ ಕುರಿತು 1969ರಲ್ಲಿಯೇ ಎಚ್ಚರಿಸಿದ್ದರು.

ನಮ್ಮ ದೇಶದ ಪರಿಸ್ಥಿತಿಯನ್ನು 2011ರಲ್ಲಿ ಪ್ರಕಟವಾದ ಒಂದು ಅಧ್ಯಯನ ಅಂಕಿಅಂಶಗಳ ಮೂಲಕ ತೆರೆದಿಟ್ಟಿತು. ಹಲವು ನಗರಗಳ ಚರ್ಮರೋಗ ಕೇಂದ್ರಗಳಿಗೆ ಮುಖದ ತೊಂದರೆಗಾಗಿ ಬಂದ 2,926 ರೋಗಿಗಳ ಪೈಕಿ 433 ಮಂದಿ ಸ್ಟಿರಾಯ್ಡ್ ಲೇಪವನ್ನು ಬಳಸುತ್ತಿದ್ದರು. ಅವರಲ್ಲಿ 126 ಮಂದಿ ಅದನ್ನು ಹಚ್ಚುತ್ತಿದ್ದುದು ಬಣ್ಣ ತಿಳಿಯಾಗಲೆಂದು, ಸಾಮಾನ್ಯ ಕ್ರೀಮಾಗಿ, ಅಥವಾ ಕ್ಷೌರದ ನಂತರದ ಲೇಪವಾಗಿ. 257 ಮಂದಿಗೆ ಅದನ್ನು ಸೂಚಿಸಿದವರು ವೈದ್ಯರೇ ಅಲ್ಲ. ವೈದ್ಯರು ಬರೆದುಕೊಟ್ಟಿದ್ದ ಸಂದರ್ಭಗಳಲ್ಲಿಯೂ ಬಹುಪಾಲು ಜನರು ಹಳೆಯ ಚೀಟಿಯನ್ನೇ ತೋರಿಸಿ ಮತ್ತೆ ಮತ್ತೆ ಕೊಂಡಿದ್ದರು. ಒಟ್ಟು 392 ಮಂದಿಯಲ್ಲಿ, ಅಂದರೆ ನೂರಕ್ಕೆ 90ಕ್ಕಿಂತ ಹೆಚ್ಚು ಬಳಕೆದಾರರಲ್ಲಿ, ದುಷ್ಪರಿಣಾಮಗಳು ಕಂಡುಬಂದವು.

ಕಾನೂನಿನ ರಕ್ಷಣೆ

ಈ ದುರ್ಬಳಕೆಯ ವಿರುದ್ಧ ಭಾರತೀಯ ಚರ್ಮರೋಗ ತಜ್ಞರ ಸಂಘವು ವರ್ಷಗಳ ಕಾಲ ದನಿಯೆತ್ತಿತು. ಔಷಧ ನಿಯಮಗಳ ‘ಶೆಡ್ಯೂಲ್ ಎಚ್’ ಪಟ್ಟಿಯಲ್ಲಿರುವ ಔಷಧಗಳನ್ನು ನೋಂದಾಯಿತ ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. ಆದರೆ ಚರ್ಮಕ್ಕೆ ಹಚ್ಚುವ ಹಲವು ಸ್ಟಿರಾಯ್ಡ್‌ಗಳಿಗೆ ಹಿಂದೆ ಈ ನಿಯಮದಿಂದ ವಿನಾಯಿತಿಯಿತ್ತು. ಕೇಂದ್ರ ಆರೋಗ್ಯ ಸಚಿವಾಲಯವು 2018ರ ಮಾರ್ಚ್ ತಿಂಗಳಿನಲ್ಲಿ ಅಧಿಸೂಚನೆ ಹೊರಡಿಸಿ 14 ಸ್ಟಿರಾಯ್ಡ್ ಲೇಪಗಳನ್ನು ‘ಶೆಡ್ಯೂಲ್ ಎಚ್’ ವ್ಯಾಪ್ತಿಗೆ ತಂದಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ನಿಷೇಧಕ್ಕೊಳಗಾದ 328 ಮಿಶ್ರ ಔಷಧಗಳ ಪಟ್ಟಿಯಲ್ಲಿ, ಸ್ಟಿರಾಯ್ಡನ್ನು ಶಿಲೀಂಧ್ರನಾಶಕ ಮತ್ತು ಜೀವಿರೋಧಕಗಳೊಡನೆ ಬೆರೆಸಿದ ಹಲವು ಮುಲಾಮುಗಳೂ ಸೇರಿದ್ದವು.

ಕಾನೂನು ಅಂಗಡಿಯ ಬಾಗಿಲಿನವರೆಗೆ ಬರಬಲ್ಲದು. ಟ್ಯೂಬಿನ ಮೇಲಿನ ಅಕ್ಷರಗಳನ್ನು ಓದುವುದು ಕೊಳ್ಳುವವರ ಹೊಣೆ. ಮುಖಕ್ಕೆ ಹಚ್ಚುವ ಯಾವುದೇ ಔಷಧದ ಹಿಂಬದಿಯಲ್ಲಿ ‘ಸೋನ್’, ‘ಸೋಲ್’ ಅಥವಾ ‘ಲೋನ್’ ಎಂದು ಕೊನೆಗೊಳ್ಳುವ ಹೆಸರಿದ್ದರೆ, ಅದನ್ನು ಹಚ್ಚುವ ಮೊದಲು ವೈದ್ಯರನ್ನು ಕೇಳುವುದು ಕ್ಷೇಮ.

ಗುಣ ಕೊಡುವ ಲೇಪಗಳು

ರೊಸೇಶಿಯಾಕ್ಕೆ ಸಂಶೋಧನೆಯ ಬೆಂಬಲವಿರುವ ಲೇಪಗಳು ಕೆಲವೇ. ಅವುಗಳಲ್ಲಿ ಮೂರು ಮುಖ್ಯವಾದವು.

ಮೊದಲನೆಯದು ಮೆಟ್ರೊನಿಡಜೋಲ್. ಆಮಶಂಕೆಗೆ ನುಂಗುವ ಮಾತ್ರೆಯಾಗಿ ಈ ಹೆಸರು ನಮ್ಮಲ್ಲಿ ಮನೆಮಾತಾಗಿದೆ. ಇದರ ಶೇಕಡಾ 0.75 ಪ್ರಮಾಣದ ಜೆಲ್ ಅಮೆರಿಕದಲ್ಲಿ 1988ರಲ್ಲಿ ರೊಸೇಶಿಯಾ ಚಿಕಿತ್ಸೆಗೆ ಮಾನ್ಯತೆ ಪಡೆಯಿತು. ದಿನಕ್ಕೆ ಎರಡು ಬಾರಿ ತೆಳುವಾಗಿ ಹಚ್ಚಬೇಕು. ಗುಳ್ಳೆಗಳನ್ನೂ ಅವುಗಳ ಸುತ್ತಲಿನ ಕೆಂಪನ್ನೂ ಇದು ತಗ್ಗಿಸುತ್ತದೆ. ಚರ್ಮ ಇದನ್ನು ಸಾಮಾನ್ಯವಾಗಿ ಚೆನ್ನಾಗಿ ಸಹಿಸುತ್ತದೆ.

ಎರಡನೆಯದು ಅಜೆಲಾಯಿಕ್ ಆಮ್ಲ. ಶೇಕಡಾ 15ರ ಜೆಲ್ ರೂಪದಲ್ಲಿ ಇದು ಅಮೆರಿಕದಲ್ಲಿ 2002ರಲ್ಲಿ ಮಾನ್ಯತೆ ಪಡೆಯಿತು. ಗುಳ್ಳೆ ಮತ್ತು ಕೆಂಪಿನ ಜೊತೆಗೆ, ಉರಿಯೂತ ಇಳಿದ ಮೇಲೆ ಉಳಿಯುವ ಕಪ್ಪು ಕಲೆಗಳನ್ನೂ ತಿಳಿಗೊಳಿಸುವ ಗುಣ ಇದಕ್ಕಿದೆ. ಆದ್ದರಿಂದ ನಮ್ಮ ಬಣ್ಣದ ಚರ್ಮಕ್ಕೆ ಇದು ವಿಶೇಷವಾಗಿ ಒಪ್ಪುತ್ತದೆ. ಮೊದಲ ವಾರಗಳಲ್ಲಿ ಚುರುಗುಟ್ಟುವುದು ಇದರ ದೋಷ. ಗರ್ಭಿಣಿಯರಿಗೆ ವೈದ್ಯರು ಸಾಮಾನ್ಯವಾಗಿ ಸೂಚಿಸಬಲ್ಲ ಲೇಪಗಳಲ್ಲಿ ಇದೂ ಒಂದು.

ಮೂರನೆಯದು ಐವರ್ಮೆಕ್ಟಿನ್. ಇದರ ಮೂಲವನ್ನು ಜಪಾನಿನ ಸತೋಶಿ ಓಮುರಾ ಅವರು ಮಣ್ಣಿನ ಸೂಕ್ಷ್ಮಜೀವಿಯೊಂದರಲ್ಲಿ ಪತ್ತೆಹಚ್ಚಿದರು. ಪರೋಪಜೀವಿ ರೋಗಗಳಲ್ಲಿ ಅದರಿಂದಾದ ಉಪಕಾರಕ್ಕಾಗಿ ಅವರಿಗೂ ವಿಲಿಯಂ ಕ್ಯಾಂಪ್‌ಬೆಲ್ ಅವರಿಗೂ 2015ರ ನೊಬೆಲ್ ಪ್ರಶಸ್ತಿ ಸಂದಿತು. ಆನೆಕಾಲು ರೋಗ ನಿರ್ಮೂಲನ ಕಾರ್ಯಕ್ರಮದಲ್ಲಿ ಯಾದಗಿರಿ ಜಿಲ್ಲೆಯ ಜನರಿಗೆ ನುಂಗಲು ಕೊಟ್ಟ ಮಾತ್ರೆಗಳಲ್ಲಿ ಇದೂ ಒಂದಾಗಿತ್ತು. ಶೇಕಡಾ 1ರ ಕ್ರೀಮು ರೂಪದಲ್ಲಿ ಇದು 2014ರಲ್ಲಿ ಅಮೆರಿಕದಲ್ಲಿ ರೊಸೇಶಿಯಾಕ್ಕೆ ಮಾನ್ಯತೆ ಪಡೆಯಿತು. ಡೆಮೊಡೆಕ್ಸ್ ಹುಳುಗಳನ್ನು ಕುಗ್ಗಿಸುವುದಲ್ಲದೆ ಉರಿಯೂತವನ್ನೂ ಇದು ತಗ್ಗಿಸುತ್ತದೆ. ದಿನಕ್ಕೆ ಒಮ್ಮೆ ಹಚ್ಚಿದರೆ ಸಾಕು. ಮಾತ್ರೆಯನ್ನು ಪುಡಿಮಾಡಿ ಹಚ್ಚುವುದಾಗಲಿ, ಜಾನುವಾರುಗಳಿಗಾಗಿ ತಯಾರಾದ ಔಷಧವನ್ನು ಬಳಸುವುದಾಗಲಿ ಸರ್ವಥಾ ಕೂಡದು.

ಈ ಮೂರಲ್ಲದೆ, ಕೆಂಪನ್ನು ತಾತ್ಕಾಲಿಕವಾಗಿ ಮರೆಸುವ ಎರಡು ಔಷಧಗಳಿವೆ. ಗ್ಲಾಕೋಮಾ ಎಂಬ ಕಣ್ಣಿನ ರೋಗಕ್ಕೆ ಹನಿಯಾಗಿ ಬಳಸುವ ಬ್ರೈಮೊನಿಡಿನ್ ಒಂದು. ಮೂಗು ಕಟ್ಟಿದಾಗ ಹಾಕುವ ಹನಿಯಲ್ಲಿರುವ ಆಕ್ಸಿಮೆಟಜೋಲಿನ್ ಇನ್ನೊಂದು. ಇವು ಜೆಲ್ ಮತ್ತು ಕ್ರೀಮುಗಳಾಗಿ ಅಮೆರಿಕದಲ್ಲಿ ಕ್ರಮವಾಗಿ 2013 ಮತ್ತು 2017ರಲ್ಲಿ ಮಾನ್ಯತೆ ಪಡೆದವು. ರಕ್ತನಾಳಗಳನ್ನು ಕೆಲವು ಗಂಟೆಗಳ ಕಾಲ ಕುಗ್ಗಿಸುವುದು ಇವುಗಳ ಕೆಲಸ. ಬ್ರೈಮೊನಿಡಿನ್ ಅರ್ಧ ಗಂಟೆಯಲ್ಲಿಯೇ ಪರಿಣಾಮ ತೋರುತ್ತದೆ. ಹನ್ನೆರಡು ಗಂಟೆಗಳ ಒಳಗೆ ಪರಿಣಾಮ ಇಳಿಯುತ್ತದೆ. ಕೆಲವರಲ್ಲಿ ಅದು ಇಳಿದ ಮೇಲೆ ಮುಖ ಮೊದಲಿಗಿಂತ ಹೆಚ್ಚು ಕೆಂಪಾಗುವುದುಂಟು. ಗುಳ್ಳೆಗಳ ಮೇಲೆ ಇವುಗಳಿಂದ ಪ್ರಯೋಜನವಿಲ್ಲ. ಕಣ್ಣಿನ ಅಥವಾ ಮೂಗಿನ ಹನಿಯನ್ನೇ ಮುಖಕ್ಕೆ ಹಚ್ಚಿಕೊಳ್ಳುವ ಪ್ರಯೋಗಕ್ಕೆ ಯಾರೂ ಇಳಿಯಬಾರದು.

ಎಷ್ಟು ಗುಣ?

ರೊಸೇಶಿಯಾ ಚಿಕಿತ್ಸೆಗಳ ಬಗ್ಗೆ ನಡೆದ ಪರೀಕ್ಷೆಗಳನ್ನೆಲ್ಲ ಒಟ್ಟುಗೂಡಿಸಿ ತೂಗಿನೋಡಿದ ಕಾಕ್ರೇನ್ ಸಮೀಕ್ಷೆ 2015ರಲ್ಲಿ ಪ್ರಕಟವಾಯಿತು. ಅದರಲ್ಲಿ 106 ಪರೀಕ್ಷೆಗಳು, 13,631 ರೋಗಿಗಳು ಸೇರಿದ್ದರು. ಲೇಪಗಳ ಪೈಕಿ ಅಜೆಲಾಯಿಕ್ ಆಮ್ಲ, ಐವರ್ಮೆಕ್ಟಿನ್ ಮತ್ತು ಬ್ರೈಮೊನಿಡಿನ್‌ಗಳ ಪರವಾಗಿ ಉತ್ತಮ ದರ್ಜೆಯ ಆಧಾರವಿದೆಯೆಂದೂ ಮೆಟ್ರೊನಿಡಜೋಲ್ ಪರವಾಗಿ ಮಧ್ಯಮ ದರ್ಜೆಯ ಆಧಾರವಿದೆಯೆಂದೂ ಅದು ತೀರ್ಮಾನಿಸಿತು.

ಆಧಾರ ಉತ್ತಮವಾಗಿದ್ದ ಮಾತ್ರಕ್ಕೆ ಗುಣ ಸಂಪೂರ್ಣವೆಂದು ಭಾವಿಸಬಾರದು. ಐವರ್ಮೆಕ್ಟಿನ್ ಕ್ರೀಮಿನ ಮಾನ್ಯತೆಗೆ ಆಧಾರವಾದ ಎರಡು ಪರೀಕ್ಷೆಗಳ ಫಲಿತಾಂಶ ಇದಕ್ಕೆ ನಿದರ್ಶನ. 12 ವಾರಗಳ ನಂತರ ಔಷಧ ಹಚ್ಚಿದವರಲ್ಲಿ ಶೇಕಡಾ 38.4 ಮತ್ತು 40.1ರಷ್ಟು ಜನರ ಮುಖ ಗುಳ್ಳೆಗಳಿಂದ ಪೂರ್ಣವಾಗಿ ಅಥವಾ ಬಹುಮಟ್ಟಿಗೆ ಮುಕ್ತವಾಗಿತ್ತು. ಔಷಧವಿಲ್ಲದ ಬರಿಯ ಕ್ರೀಮು ಹಚ್ಚಿದವರಲ್ಲಿ ಈ ಪ್ರಮಾಣ ಶೇಕಡಾ 11.6 ಮತ್ತು 18.8. ಇದರಿಂದ ಎರಡು ಅಂಶಗಳು ವ್ಯಕ್ತವಾಗುತ್ತವೆ. ಔಷಧದಿಂದ ನಿಶ್ಚಿತವಾಗಿಯೂ ಪ್ರಯೋಜನವಿದೆ. ಆದರೆ ಮೂರು ತಿಂಗಳು ತಪ್ಪದೆ ಹಚ್ಚಿದರೂ ಅರ್ಧಕ್ಕಿಂತ ಹೆಚ್ಚು ಜನರ ಮುಖ ಪೂರ್ಣವಾಗಿ ತಿಳಿಯಾಗಲಿಲ್ಲ. ಹಾಗೆಯೇ, ಸೌಮ್ಯವಾದ ಕ್ರೀಮಿನಿಂದ ಚರ್ಮವನ್ನು ಒಣಗದಂತೆ ನೋಡಿಕೊಳ್ಳುವುದರಿಂದಲೇ ಕೆಲವರಿಗೆ ಹಿತವಾಗುತ್ತದೆ.

ಐವರ್ಮೆಕ್ಟಿನ್ ಮತ್ತು ಮೆಟ್ರೊನಿಡಜೋಲ್‌ಗಳನ್ನು ನೇರವಾಗಿ ಹೋಲಿಸಿದ ಪರೀಕ್ಷೆಯೂ ನಡೆದಿದೆ. 962 ರೋಗಿಗಳಲ್ಲಿ 16 ವಾರಗಳ ಕಾಲ ನಡೆದ ಆ ಪರೀಕ್ಷೆಯಲ್ಲಿ ಗುಳ್ಳೆಗಳ ಸಂಖ್ಯೆ ಐವರ್ಮೆಕ್ಟಿನ್ ಬಳಸಿದವರಲ್ಲಿ ಶೇಕಡಾ 83ರಷ್ಟು, ಮೆಟ್ರೊನಿಡಜೋಲ್ ಬಳಸಿದವರಲ್ಲಿ ಶೇಕಡಾ 73.7ರಷ್ಟು ಕಡಿಮೆಯಾಯಿತು. ಐವರ್ಮೆಕ್ಟಿನ್ ಮೇಲಾದರೂ ಅಂತರ ಅಗಾಧವಾದುದಲ್ಲ. ಹೊಸ ಔಷಧದ ಬೆಲೆ ಕೈಗೆಟುಕದವರು ಹಳೆಯದನ್ನು ಕ್ರಮವಾಗಿ ಬಳಸಿದರೂ ಪ್ರಯೋಜನ ಪಡೆಯಬಹುದು. ಔಷಧ ನಿಲ್ಲಿಸಿದ ಬಳಿಕ ಇದೇ ರೋಗಿಗಳ ಪೈಕಿ ಗುಣ ಕಂಡವರನ್ನು 36 ವಾರಗಳ ಕಾಲ ಗಮನಿಸಲಾಯಿತು. ಆ ಅವಧಿಯಲ್ಲಿ ಐವರ್ಮೆಕ್ಟಿನ್ ಗುಂಪಿನ ಶೇಕಡಾ 62.7, ಮೆಟ್ರೊನಿಡಜೋಲ್ ಗುಂಪಿನ ಶೇಕಡಾ 68.4ರಷ್ಟು ಜನರಲ್ಲಿ ರೋಗ ಮರುಕಳಿಸಿತು. ಈ ಲೇಪಗಳು ರೋಗವನ್ನು ಹತೋಟಿಯಲ್ಲಿಡುತ್ತವೆ, ಬೇರುಸಹಿತ ಕೀಳುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಿಲ್ಲ. ರಕ್ತದೊತ್ತಡದಂತೆ, ಮಧುಮೇಹದಂತೆ, ಇದನ್ನೂ ಆಜೀವ ಗಮನಿಸಬೇಕಾದ ಸ್ಥಿತಿಯೆಂದು ತಿಳಿಯುವುದು ಉಚಿತ.

ಇನ್ನೊಂದು ಮಿತಿಯನ್ನೂ ಹೇಳಬೇಕು. ಈ ಪರೀಕ್ಷೆಗಳಲ್ಲಿ ಪಾಲ್ಗೊಂಡವರ ಬಹುಪಾಲು ಬಿಳಿಯ ಚರ್ಮದವರು. ಭಾರತೀಯ ಚರ್ಮದ ಅನುಭವ ಅವುಗಳಲ್ಲಿ ಅತ್ಯಲ್ಪ. ಆದ್ದರಿಂದ ಅಂಕಿಗಳನ್ನು ದಾರಿದೀಪವಾಗಿ ಪರಿಗಣಿಸಿ, ರೋಗಿಯ ಚರ್ಮದ ಪ್ರತಿಕ್ರಿಯೆಯನ್ನು ನೋಡುತ್ತಾ ಚಿಕಿತ್ಸೆಯನ್ನು ಹೊಂದಿಸಬೇಕಾಗುತ್ತದೆ. ಎಳೆಎಳೆಯಾಗಿ ಕಾಣುವ ರಕ್ತನಾಳಗಳಿಗೆ ಲೇಪಗಳಿಂದ ಹೆಚ್ಚಿನ ಪ್ರಯೋಜನವಿಲ್ಲ. ಅವಕ್ಕೆ ಲೇಸರ್ ಚಿಕಿತ್ಸೆಯಿದೆ. ಗುಳ್ಳೆಗಳು ತೀವ್ರವಾಗಿದ್ದರೆ ಲೇಪದೊಡನೆ ಡಾಕ್ಸಿಸೈಕ್ಲಿನ್ ಮೊದಲಾದ ಔಷಧಗಳನ್ನು ನುಂಗಲು ವೈದ್ಯರು ಸೂಚಿಸುತ್ತಾರೆ.

ಬಳಸುವ ಕ್ರಮ

ಲೇಪ ಹಚ್ಚುವ ಮೊದಲು ಉಗುರುಬೆಚ್ಚಗಿನ ಅಥವಾ ತಣ್ಣನೆಯ ನೀರಿನಲ್ಲಿ ಮುಖವನ್ನು ಉಜ್ಜದೆ ತೊಳೆದು, ಮೆತ್ತಗಿನ ಬಟ್ಟೆಯಿಂದ ಒತ್ತಿ ಒರೆಸಿಕೊಳ್ಳಬೇಕು. ಐವರ್ಮೆಕ್ಟಿನ್ ಕ್ರೀಮಾದರೆ ಹಣೆ, ಮೂಗು, ಗಲ್ಲ ಮತ್ತು ಎರಡು ಕೆನ್ನೆಗಳಿಗೆ ತಲಾ ಒಂದು ಬಟಾಣಿ ಕಾಳಿನಷ್ಟು ಸಾಕು. ಕಣ್ಣು ಮತ್ತು ತುಟಿಗಳಿಗೆ ತಾಗಬಾರದು. ಹೆಚ್ಚು ಹಚ್ಚಿದರೆ ಬೇಗ ಗುಣವಾಗುವುದಿಲ್ಲ. ಉರಿ ಮಾತ್ರ ಹೆಚ್ಚುತ್ತದೆ. ಮೊದಲ ತಿಂಗಳಿನಲ್ಲಿ ಅಲ್ಪಸ್ವಲ್ಪ ವ್ಯತ್ಯಾಸ ಕಾಣಬಹುದು. ಔಷಧ ಫಲಿಸಿತೋ ಇಲ್ಲವೋ ಎಂದು ತೀರ್ಮಾನಿಸಲು ಎರಡರಿಂದ ಮೂರು ತಿಂಗಳು ಬೇಕು. ಹದಿನೈದು ದಿನಗಳಲ್ಲಿ ಬೇಸತ್ತು ಔಷಧವನ್ನು ಬಿಟ್ಟವರೇ ಮತ್ತೆ ಆ ತ್ವರಿತ ಟ್ಯೂಬಿನ ಕಡೆಗೆ ಹೊರಳುತ್ತಾರೆ.

ಈಗಾಗಲೇ ಸ್ಟಿರಾಯ್ಡ್ ಲೇಪಕ್ಕೆ ಒಗ್ಗಿಹೋದವರು ಮುಂದಿನ ಮಾತನ್ನು ವಿಶೇಷವಾಗಿ ಗಮನಿಸಬೇಕು. ಅದನ್ನು ಬಿಡುವುದು ಅನಿವಾರ್ಯ. ಆದರೆ ಬಿಟ್ಟ ಕೆಲವು ದಿನಗಳಲ್ಲಿ ಮುಖ ಕೆಂಪೇರಿ, ಊದಿ, ಗುಳ್ಳೆಯೆದ್ದು, ಬೆಂಕಿ ತಗಲಿದಂತೆ ಉರಿಯಬಹುದು. ಇದು ಹೊಸ ರೋಗವಲ್ಲ, ಬಿಟ್ಟ ಔಷಧ ವಿಫಲವಾಗದೆ ಇತ್ತೆಂಬುದಕ್ಕೆ ಪುರಾವೆಯೂ ಅಲ್ಲ. ಚರ್ಮವು ತನ್ನ ಸಹಜ ಸ್ಥಿತಿಗೆ ಮರಳುವ ಹಾದಿಯ ಕಷ್ಟ. ಒಮ್ಮೆಲೇ ನಿಲ್ಲಿಸಬೇಕೋ, ಸೌಮ್ಯವಾದ ಲೇಪಕ್ಕೆ ಬದಲಾಯಿಸಿ ಹಂತಹಂತವಾಗಿ ಬಿಡಬೇಕೋ ಎಂಬುದನ್ನು ಚರ್ಮರೋಗ ತಜ್ಞರು ನಿರ್ಧರಿಸುತ್ತಾರೆ. ತಣ್ಣೀರಿನ ಬಟ್ಟೆ, ಸುಗಂಧವಿಲ್ಲದ ತೇವಕಾರಿ ಕ್ರೀಮು ಮತ್ತು ತಜ್ಞರು ಸೂಚಿಸಿದ ಮಾತ್ರೆ, ಇವುಗಳ ನೆರವಿನಿಂದ ವಾರಗಳಲ್ಲಿ ಅಥವಾ ತಿಂಗಳುಗಳಲ್ಲಿ ಬಹುತೇಕರ ಮುಖ ಸುಧಾರಿಸುತ್ತದೆ. ಈ ಅವಧಿಯಲ್ಲಿ ಮದುವೆ, ಹಬ್ಬ ಎಂದು ಒಂದು ದಿನದ ಮಟ್ಟಿಗೆ ಹಳೆಯ ಟ್ಯೂಬನ್ನು ಮುಟ್ಟಿದರೂ ಶ್ರಮವೆಲ್ಲ ವ್ಯರ್ಥವಾದೀತು. ಮನೆಯವರು ‘ಮುಖ ಏಕೆ ಹೀಗಾಯಿತು’ ಎಂದು ಪದೇ ಪದೇ ಕೇಳಿ ನೋಯಿಸದೆ ಧೈರ್ಯ ಹೇಳುವುದು ಚಿಕಿತ್ಸೆಯ ಒಂದು ಭಾಗವೇ ಸರಿ.

ದಿನಚರಿಯಲ್ಲಿ ಎಚ್ಚರ

ಹೈದರಾಬಾದಿನ ಬಿಸಿಲು, ಒಲೆಯ ಝಳ, ಖಾರದ ಸಾರು, ಬಿಸಿಬಿಸಿ ಇರಾನಿ ಚಹಾ, ಇವೆಲ್ಲ ಮುಖದ ರಕ್ತನಾಳಗಳನ್ನು ಹಿಗ್ಗಿಸಬಲ್ಲವು. ಹಾಗೆಂದು ಎಲ್ಲವನ್ನೂ ತ್ಯಜಿಸಬೇಕಿಲ್ಲ. ಒಬ್ಬರನ್ನು ಕೆರಳಿಸುವುದು ಮತ್ತೊಬ್ಬರನ್ನು ಕೆರಳಿಸದೆ ಇರಬಹುದು. ಮುಖ ಕೆಂಪೇರಿದ ದಿನ ಏನು ತಿಂದದ್ದು, ಎಲ್ಲಿ ಹೋದದ್ದು ಎಂದು ಎರಡು ಮೂರು ವಾರ ಬರೆದಿಟ್ಟರೆ ತಮ್ಮ ಕಾರಣ ತಮಗೇ ತಿಳಿಯುತ್ತದೆ.

ಕಾಫಿಪ್ರಿಯರಿಗೆ ಇಲ್ಲಿ ಒಂದು ಸಮಾಧಾನದ ಮಾತಿದೆ. 1981ರಲ್ಲಿ ಅಮೆರಿಕದ ವಿಲ್ಕಿನ್ ಅವರು ನಡೆಸಿದ ಪ್ರಯೋಗದಲ್ಲಿ 60 ಡಿಗ್ರಿ ಬಿಸಿಯ ಕಾಫಿ ರೊಸೇಶಿಯಾ ರೋಗಿಗಳ ಮುಖವನ್ನು ಕೆಂಪೇರಿಸಿತು. ಅಷ್ಟೇ ಬಿಸಿಯ ಬರಿಯ ನೀರೂ ಕೆಂಪೇರಿಸಿತು. 22 ಡಿಗ್ರಿಯ ತಣ್ಣನೆಯ ಕಾಫಿ ಕೆಂಪೇರಿಸಲಿಲ್ಲ. ದೋಷ ಕಾಫಿಯದಲ್ಲ, ಬಿಸಿಯದು. ಲೋಟದ ಕಾಫಿಯನ್ನು ಬಟ್ಟಲಿನಲ್ಲಿ ಆರಿಸಿ ಕುಡಿಯುವ ನಮ್ಮ ಹಿರಿಯರ ಪದ್ಧತಿ ಇಲ್ಲಿ ನೆರವಾಗುತ್ತದೆ.

ಬಿಸಿಲಿಗೆ ಹೊರಡುವಾಗ ಕೊಡೆ, ಅಗಲ ಅಂಚಿನ ಟೋಪಿ ಅಥವಾ ಹತ್ತಿಯ ದುಪ್ಪಟ್ಟ ಮುಖಕ್ಕೆ ನೆರಳಾಗಬೇಕು. ಎಸ್‌ಪಿಎಫ್ 30 ಅಥವಾ ಅದಕ್ಕಿಂತ ಹೆಚ್ಚಿನ ಸನ್‌ಸ್ಕ್ರೀನ್ ಒಳ್ಳೆಯದು. ಜಿಂಕ್ ಆಕ್ಸೈಡ್ ಇಲ್ಲವೆ ಟೈಟಾನಿಯಂ ಡೈಆಕ್ಸೈಡ್ ಇರುವಂಥವು ಕೆರಳಿದ ಚರ್ಮಕ್ಕೆ ಹೆಚ್ಚು ಹಿತ. ಮುಖಕ್ಕೆ ನಿಂಬೆರಸ, ಟೂತ್‌ಪೇಸ್ಟ್, ಒರಟಾದ ಸ್ಕ್ರಬ್, ಬ್ಲೀಚ್ ಹಚ್ಚುವುದನ್ನು ಪೂರ್ತಿಯಾಗಿ ನಿಲ್ಲಿಸಬೇಕು.

ತಜ್ಞರನ್ನು ಕಾಣುವುದೆಂದು?

ಕೆಂಪಾದ ಮುಖವೆಲ್ಲ ರೊಸೇಶಿಯಾ ಅಲ್ಲ. ಕೆನ್ನೆಯ ಕೆಂಪಿನೊಡನೆ ಕೀಲುನೋವು, ಜ್ವರ, ಬಾಯಿಹುಣ್ಣು ಇದ್ದರೆ ಅದು ಲೂಪಸ್ ಎಂಬ ರೋಗವಿರಬಹುದು. ಕೆಂಪು ಮಚ್ಚೆಯ ಮೇಲೆ ಸ್ಪರ್ಶಜ್ಞಾನ ಕಡಿಮೆಯಾಗಿದ್ದರೆ, ಅಥವಾ ಕಿವಿಯ ಹಾಲೆ ದಪ್ಪಗಾಗಿದ್ದರೆ, ಕುಷ್ಠರೋಗದ ಪರೀಕ್ಷೆ ಅಗತ್ಯ. ಅದಕ್ಕೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ ಚಿಕಿತ್ಸೆಯಿದ್ದು ರೋಗ ಪೂರ್ಣವಾಗಿ ಗುಣವಾಗುತ್ತದೆ. ಕಣ್ಣು ಕೆಂಪಾಗಿ ನೋವಾದರೆ, ದೃಷ್ಟಿ ಮಸುಕಾದರೆ, ವಿಳಂಬ ಮಾಡದೆ ನೇತ್ರತಜ್ಞರನ್ನು ಕಾಣಬೇಕು.

ಹೈದರಾಬಾದಿನ ಉಸ್ಮಾನಿಯಾ ಆಸ್ಪತ್ರೆ ಮತ್ತು ಸಿಕಂದರಾಬಾದಿನ ಗಾಂಧಿ ಆಸ್ಪತ್ರೆಗಳಲ್ಲಿ ಚರ್ಮರೋಗ ವಿಭಾಗಗಳಿವೆ. ಬೀದರ್, ಕಲಬುರಗಿ, ರಾಯಚೂರುಗಳ ಜನರಿಗೆ ತಮ್ಮ ಜಿಲ್ಲೆಗಳ ಸರ್ಕಾರಿ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳೂ ಇವೆ. ತಜ್ಞರ ಬಳಿಗೆ ಹೋಗುವಾಗ ಈವರೆಗೆ ಹಚ್ಚಿದ ಟ್ಯೂಬುಗಳನ್ನೆಲ್ಲ, ಖಾಲಿಯಾದವನ್ನೂ ಸೇರಿಸಿ, ಒಂದು ಚೀಲದಲ್ಲಿ ಒಯ್ಯುವುದು ಲೇಸು. ಹೆಸರು ನೆನಪಿಲ್ಲದಿದ್ದರೂ ಆ ಟ್ಯೂಬುಗಳೇ ರೋಗದ ಅರ್ಧ ಕಥೆಯನ್ನು ಹೇಳುತ್ತವೆ. ಔಷಧದಿಂದ ದುಷ್ಪರಿಣಾಮವಾದರೆ ಅದನ್ನು ಭಾರತ ಔಷಧ ಜಾಗರೂಕತಾ ಕಾರ್ಯಕ್ರಮದ 1800-180-3024 ಎಂಬ ಉಚಿತ ದೂರವಾಣಿಗೆ ಸಾರ್ವಜನಿಕರೂ ತಿಳಿಸಬಹುದು. ಒಬ್ಬರು ಕೊಟ್ಟ ಮಾಹಿತಿಯಿಂದ ಹಲವರಿಗೆ ರಕ್ಷಣೆ ದೊರೆಯುತ್ತದೆ.

ಒಟ್ಟಿನಲ್ಲಿ, ಮುಖದ ಕೆಂಪಿಗೆ ಎರಡು ಬಗೆಯ ಲೇಪಗಳು ಎದುರಿಗಿವೆ. ಒಂದು ಮೂರು ದಿನಗಳಲ್ಲಿ ಮುಖವನ್ನು ಬಿಳಿಚಿಸಿ ಮೂರು ವರ್ಷಗಳ ಸಂಕಟವನ್ನು ತರಬಲ್ಲದು. ಇನ್ನೊಂದು ಮೂರು ತಿಂಗಳು ಕಾಯಿಸಿ, ಪೂರ್ಣವಲ್ಲದಿದ್ದರೂ ನಂಬಬಹುದಾದ ಗುಣವನ್ನು ಕೊಡುತ್ತದೆ. ಬೇಗ ಗುಣವಾಗಲೆಂಬ ಆಸೆ ರೋಗಿಗೆ ಸಹಜವಾದುದು. ಆದರೆ ಟ್ಯೂಬಿನ ಮೇಲಿನ ಹೆಸರನ್ನು ಓದಿ, ತಜ್ಞರನ್ನು ಕೇಳಿ, ತಾಳ್ಮೆಯಿಂದ ಕಾಯುವವರಿಗೆ ಮುಖದ ಆರೋಗ್ಯ ಉಳಿಯುತ್ತದೆ. ತಾಳಿದವನು ಬಾಳಿಯಾನು ಎಂಬ ನಮ್ಮ ಹಿರಿಯರ ಮಾತು ಈ ಚಿಕಿತ್ಸೆಗೂ ಅನ್ವಯಿಸುತ್ತದೆ.